ಮರ ಅಲ್ಲ, ಮರೆ

ಭೂಮಿ ವರ್ಷದಿಂದ ವರ್ಷಕ್ಕೆ ಬಿಸಿಯೇರುತ್ತಿದೆ. ಮರುಭೂಮಿ ಮಲಗಿದ್ದ ಜಾಗದಿಂದ ಎದ್ದು ನಡೆದು ಬರುತ್ತಿದೆ. ದೊಡ್ಡವರೆಲ್ಲ ದೊಡ್ಡ ಸಭೆಗಳಲ್ಲಿ ತಲೆ ಕೆಡಿಸಿಕೊಂಡು ಕೂತಿದ್ದಾರೆ. ಇಂಥ ಹೊತ್ತಿನಲ್ಲಿ ಲೋಕದ ಗಮನಕ್ಕೆ ತರಲೇಬೇಕಾದ ಅತಿ ಮುಖ್ಯ ವಿಷಯವೊಂದು ಬಾಕಿ ಉಳಿದಿದೆ. ಅದು ನಮ್ಮ ಉಚ್ಚೆ.

ನಮ್ಮ ಅಂದರೆ ಹೆಂಗಸರದ್ದು. ಗಂಡಸರ ಉಚ್ಚೆಗೆ ಈ ಲೋಕದಲ್ಲಿ ಜಾಗದ ಅಭಾವ ಯಾವತ್ತೂ ಬಂದದ್ದಿಲ್ಲ. ಬೆನ್ನು ತಿರುಗಿಸಿದರೆ ಮುಗಿಯಿತು. ಬೆನ್ನೇ ಅವರ ಗೋಡೆ.

ನಾನು ನಗುತ್ತಾ ಹೇಳುತ್ತಿದ್ದೇನೆ ಅನಿಸಬಹುದು. ಹೆದರಿದಾಗ ನನಗೆ ಮಾತು ಹೀಗೇ ಬರುತ್ತದೆ.

ನಮ್ಮ ಸಾಲುಮನೆಗಳು ಇರುವುದು ಊರು ಮುಗಿದ ಮೇಲೆ, ಬಯಲು ಶುರುವಾಗುವ ಮೊದಲು. ಮನೆಗೊಂದು ಕೋಣೆ. ಸಿಮೆಂಟಿನ ಗೋಡೆ, ಮೇಲೆ ತಗಡು, ತಗಡು ಹಾರದಂತೆ ಅದರ ಮೇಲೆ ಹಳೇ ಟೈರು. ಒಳಗೆ ಒಂದು ಒಲೆ, ಎರಡು ಕೊಡ, ಹಗ್ಗದ ಮೇಲೆ ಬಟ್ಟೆ, ಅತ್ತೆ, ನಾದಿನಿ, ನಾನು. ನನ್ನ ಗಂಡ ಲಾರಿಯ ಜೊತೆ ಹೋದವನು ಯಾವಾಗಲೋ ಬಂದು ಮುಖ ತೋರಿಸಿ ಹೋಗುತ್ತಾನೆ. ಕಟ್ಟಿಸಿದವರು ಎಲ್ಲ ಯೋಚಿಸಿಯೇ ಕಟ್ಟಿಸಿದ್ದಾರೆ, ಕಕ್ಕಸು ಒಂದನ್ನು ಬಿಟ್ಟು. ಇಷ್ಟು ದೊಡ್ಡ ಬಯಲಿರುವಾಗ ಇವರಿಗೆ ಯಾಕೆ ಅಂದುಕೊಂಡಿರಬೇಕು.

ಬಯಲು ಮೊದಲು ಬಯಲಾಗಿರಲಿಲ್ಲ. ನಾನು ಸೊಸೆಯಾಗಿ ಬಂದಾಗ ಮುಳ್ಳುಕಂಟಿ ಆಳೆತ್ತರ ಇತ್ತು. ಹೆಂಗಸರು ಜೊತೆಯಾಗಿ ಹೋಗಿ, ಒಬ್ಬೊಬ್ಬರು ಒಂದೊಂದು ಪೊದೆಯ ಹಿಂದೆ ಕೂತು, ಅಲ್ಲಿಂದಲೇ ಊರಿನ ಸುದ್ದಿಯನ್ನೆಲ್ಲ ಕೂಗಿ ಹೇಳಿ ಮುಗಿಸಿ ಬರುತ್ತಿದ್ದರು. ಆಮೇಲೆ ಇಟ್ಟಿಗೆ ಗೂಡುಗಳು ಬಂದವು. ಗೂಡಿಗೆ ಮಣ್ಣು ಬೇಕು, ಸೌದೆ ಬೇಕು. ಮೇಲ್ಮಣ್ಣು ಕೆರೆದವರು ನಾವು. ಕಂಟಿ ಕಡಿದವರೂ ನಾವು. ಕೂಲಿ ಕೊಟ್ಟು ಮಾಡಿಸಿದವನು ಮೇಸ್ತ್ರಿ. ಮಣ್ಣು ಮುಗಿಯಿತು, ಗೂಡು ಆರಿತು, ಮಾಲೀಕರು ಮಣ್ಣಿರುವ ಬೇರೆ ಕಡೆ ಹೋದರು. ನಮಗೆ ಉಳಿದದ್ದು ಬೆಂದ ಹೆಂಚಿನಂಥ ನೆಲ. ಮಳೆ ಬಂದರೆ ನೀರು ಒಳಗಿಳಿಯದೆ, ಗಾಜಿನ ಮೇಲೆ ಚೆಲ್ಲಿದ ಹಾಗೆ ಜಾರಿ ಹೋಗುತ್ತಿತ್ತು. ಗಾಳಿ ಬಂದರೆ ಊಟದ ತಟ್ಟೆಯ ತುಂಬ ಧೂಳು.

ಆಗ ಒಂದು ಸಭೆಯಾಯಿತು. ಬಯಲಿನಲ್ಲಿ ಶಾಮಿಯಾನ, ಕುರ್ಚಿ, ಮೈಕು. ಕುರ್ಚಿ ಅವರಿಗೆ, ನೆಲ ನಮಗೆ. ಬಂದ ಸಾಹೇಬರು ಒಳ್ಳೆಯವರ ಹಾಗೆ ಕಂಡರು. ಕಪ್ಪು ಕನ್ನಡಕ ತೆಗೆದು ಮಾತಾಡಿದರು. ಮರುಭೂಮಿ ಬರುತ್ತಿದೆ ಅಂದರು.

ಅತ್ತೆ ನನ್ನ ಕಿವಿಗೆ ಬಾಗಿದಳು. "ಅದು ಯಾರೇ?"

"ಭೂಮಿನೇ ಅತ್ತೆ. ಗಿಡ ಮರ ಏನೂ ಇಲ್ಲದ್ದು. ಅಡಗಿ ಕೂರೋಕೆ ಒಂದು ಜಾಗ ಇಲ್ಲದ್ದು."

"ಬರ್ತಿದೆ ಅಂತಾನಲ್ಲ. ಅದರೊಳಗೇ ಕುರ್ಚಿ ಹಾಕಿಸ್ಕೊಂಡು ಕೂತಿದಾನೆ."

"ನಿಮಗೆ ಏನು ಬೇಕು, ನೀವೇ ಹೇಳಿ" ಅಂದರು ಸಾಹೇಬರು. ಹಾಗೆ ಯಾರೂ ಕೇಳಿದ್ದಿಲ್ಲ. ಉತ್ತರ ಕೊಟ್ಟು ಅಭ್ಯಾಸವಿಲ್ಲ. ಎಲ್ಲರೂ ನೆಲ ನೋಡಿದೆವು. ಪಕ್ಕದ ಕೋಣೆಯ ಚಿಕ್ಕಮ್ಮನಿಗೆ ರೇಡಿಯೋ ಅಂತ ಹೆಸರು, ಬೆಳಗಿಂದ ಸಂಜೆಯವರೆಗೆ ಬಾಯಿ ಮುಚ್ಚುವವಳಲ್ಲ. ಅವತ್ತು ಅವಳೂ ಸ್ಟೇಷನ್ ಬಂದ್ ಮಾಡಿ ಕೂತಿದ್ದಳು. ಕೊನೆಗೆ ಅತ್ತೆ ಎದ್ದಳು. ಯಾರೋ ಮೈಕು ಹಿಡಿದರು. ಗಂಡಸರ ಎದುರಿಗೆ ಆಡುವ ಮಾತಲ್ಲ. ಅತ್ತೆ ಅರ್ಧ ಹೇಳಿ ಅರ್ಧ ನುಂಗಿದಳು.

"ನಮಗೆ ಮರೆ ಬೇಕು."

"ಮರ ಬೇಕಂತೆ" ಅಂದರು ಸಾಹೇಬರು. ಚಪ್ಪಾಳೆ ಬಿತ್ತು. ಕೇಳಿದ್ದು ಸಿಕ್ಕಿತು ಅಂದುಕೊಂಡು ಅತ್ತೆಯೂ ಚಪ್ಪಾಳೆ ತಟ್ಟಿದಳು.

ಬರೆಯುವಾಗ ಎರಡಕ್ಕೂ ಒಂದೇ ಒಂದು ಎತ್ವದ ವ್ಯತ್ಯಾಸ. ನಮ್ಮ ಸಾಲಿನಲ್ಲಿ ಅಕ್ಷರ ಕಲಿತವಳು ನಾನೊಬ್ಬಳೇ. ಪೊಟ್ಟಣ ಕಟ್ಟಿ ಬಂದ ಕಾಗದವನ್ನೂ ಓದದೆ ಬಿಡುವವಳಲ್ಲ. ಬಯಲಿನ ಬಾಯಲ್ಲಿ ಫಲಕ ಎದ್ದು ನಿಂತಾಗ ಮೊದಲು ಓದಿದವಳೂ ನಾನೇ. ಅದರ ತುಂಬ ಅತ್ತೆಯ ಮುಖ, ಬಾಯಿ ಅರ್ಧ ತೆರೆದದ್ದು. ಕೆಳಗೆ ಹಸಿರು ಅಕ್ಷರ: 'ನಮಗೆ ಮರ ಬೇಕು.' ಓದಿ ಹೇಳಿದೆ. ಅತ್ತೆ ಬಹಳ ಹೊತ್ತು ತನ್ನ ಮುಖವನ್ನೇ ನೋಡಿದಳು.

"ಹೋಗಲಿ ಬಿಡು. ಮರ ಬಂದ್ರೆ ಮರೆ ತಾನಾಗೇ ಬರುತ್ತೆ" ಅಂದಳು. "ಅಲ್ಲಿವರೆಗೂ ತಡ್ಕೋಬೇಕು ಅಷ್ಟೇ."

ಅಷ್ಟು ದೊಡ್ಡ ಫಲಕ, ಅದರ ಹಿಂದೆಯೇ ಕೂರಬಹುದಿತ್ತು. ಆದರೆ ಎರಡು ಕಬ್ಬಿಣದ ಕಾಲಿನ ಮೇಲೆ ಎತ್ತರಕ್ಕೆ ನಿಲ್ಲಿಸಿದ್ದರು. ಹಿಂದೆ ನಿಂತರೆ ತಲೆ ಮಾತ್ರ ಮುಚ್ಚುತ್ತಿತ್ತು. "ತಲೆ ಮುಚ್ಕೊಂಡು ಮಾಡೋ ಕೆಲಸ ಅಲ್ವಲ್ಲೇ ಇದು" ಅಂದಳು ರೇಡಿಯೋ.

ಕೆಲಸ ಶುರುವಾಯಿತು. ಮೇಸ್ತ್ರಿ ಅವನೇ. ಕಂಟಿ ಕಡಿಸಿದವನೇ ಈಗ ಗಿಡ ನೆಡಿಸುವವನು. ಟೋಪಿ ಮಾತ್ರ ಹಸಿರು.

ತೋಡಬೇಕಾದದ್ದು ಅರ್ಧಚಂದ್ರದ ಗುಂಡಿ. ಇಳಿಜಾರಿಗೆ ಎದುರಾಗಿ ಅರ್ಧ ವೃತ್ತ ಗೀಚಿ, ಪಿಕಾಸಿಯಿಂದ ಒಡೆಯಬೇಕು. ನೆಲ ಮೊದಲ ಏಟಿಗೆ ಒಡೆಯುವುದಿಲ್ಲ. ಏಟನ್ನು ನಮ್ಮ ಕೈಗೇ ವಾಪಸು ಕಳಿಸುತ್ತದೆ. ಅದು ಮೊಣಕೈ ದಾಟಿ, ಭುಜ ದಾಟಿ, ಹಲ್ಲಿನಲ್ಲಿ ಬಂದು ನಿಲ್ಲುತ್ತದೆ. ಒಡೆದ ಮಣ್ಣನ್ನು ಕಬ್ಬಿಣದ ಬಾಂಡ್ಲಿಗೆ ತುಂಬಿ ತಲೆಯ ಮೇಲೆ ಹೊತ್ತು, ತಗ್ಗಿನ ಕಡೆ ಕಮಾನಿನ ಹಾಗೆ ಬದು ಹಾಕಬೇಕು. ಬದುವಿಗೆ ಕಲ್ಲು ಕೂರಿಸಬೇಕು. ಒಳಗೆ ಗೊಬ್ಬರ, ಬೀಜ, ಸಸಿ. ಮಳೆ ಬಂದರೆ ನೀರು ಓಡಿಹೋಗದೆ ಆ ಮಡಿಲಲ್ಲಿ ನಿಲ್ಲಬೇಕು.

ನಿಂತಿತು. ಅದನ್ನು ಸುಳ್ಳು ಅನ್ನಲಾರೆ. ಮೊದಲ ಮಳೆಗೇ ಗುಂಡಿಗಳಲ್ಲಿ ಹುಲ್ಲು ಎದ್ದಿತು. ಹೆಂಚಿನಂಥ ನೆಲದ ಮೇಲೆ ಹಸಿರು ಉಗುರು ಮೂಡಿದ ಹಾಗೆ. ಎಲ್ಲರೂ ಕೆಲಸ ಬಿಟ್ಟು ನೋಡಿದೆವು. ಅತ್ತೆ ಬಗ್ಗಿ ಸವರಿದಳು.

"ಚೆನ್ನಾಗಿದೆ. ಕೋಳಿಗೆ ಮರೆಯಾಗುತ್ತೆ."

ನಮಗಿದ್ದದ್ದು ಒಂದೇ ಪೊದೆ. ಬಯಲಿನ ನಡುವೆ ಕೊರಕಲಿದೆ. ಗೂಡಿನ ಕಾಲದಲ್ಲಿ ಗಾಡಿ ಅಲ್ಲಿಗೆ ಇಳಿಯದೆ ಒಂದು ಮುಳ್ಳುಪೊದೆ ತಪ್ಪಿಸಿಕೊಂಡಿತ್ತು. ಇಡೀ ದಿನದ ಕೆಲಸದಲ್ಲಿ ಹೆಂಗಸರೆಲ್ಲ ಸರದಿಯಲ್ಲಿ ಅಲ್ಲಿಗೇ. ಒಬ್ಬಳು ಒಳಗೆ, ಒಬ್ಬಳು ದಡದ ಮೇಲೆ ಕಾವಲು. ಸಾಮಾನಿಡುವ ಶೆಡ್ಡಿನ ಪಕ್ಕ ನೀಲಿ ಪ್ಲಾಸ್ಟಿಕ್ಕಿನ ಕಕ್ಕಸು ಒಂದಿತ್ತು. ನಾದಿನಿ ಒಮ್ಮೆ ಕೇಳಿದ್ದಳು.

"ಅದು ಆಫೀಸಿನೋರಿಗೆ" ಅಂದಿದ್ದ ಮೇಸ್ತ್ರಿ. "ನೀವು ಕಾಲಿಟ್ಟ ಮೇಲೆ ಅವರು ಕೂರ್ತಾರಾ? ನಿಮಗೆ ಇಷ್ಟು ದೊಡ್ಡ ಬಯಲೇ ಬಿಟ್ಟುಕೊಟ್ಟಿದೀವಲ್ಲ."

ನಾದಿನಿಯ ವಿಷಯ ಹೇಳಬೇಕು. ಹಲ್ಲಿ ಕಂಡರೆ ಕೋಣೆ ಬಿಟ್ಟು ಓಡುವವಳು. ಲಾರಿಯ ಹಾರ್ನಿಗೆ ಬೆಚ್ಚುವವಳು. ಪಿಕಾಸಿ ಕೈಗೆ ಬಂದರೆ ಮಾತ್ರ ಬೇರೆಯೇ ಹೆಂಗಸು. ನಾವು ಮೂರು ಏಟಿಗೆ ಒಡೆಯುವ ನೆಲ ಅವಳ ಒಂದೇ ಏಟಿಗೆ ಬಾಯಿ ಬಿಡುತ್ತಿತ್ತು. "ನೆಲಕ್ಕೆ ಹೆದರಿಕೆ ಇಲ್ವೇನೇ ನಿನಗೆ?" ಅಂದರೆ, "ಅದು ತಿರುಗಿ ನೋಡಲ್ಲ ಅತ್ತಿಗೆ" ಅನ್ನುತ್ತಿದ್ದಳು.

ಒಂದು ದಿನ ಆಕಾಶದಲ್ಲಿ ಗುಂಯ್ ಅಂದಿತು. ತಟ್ಟೆಯಷ್ಟು ಅಗಲದ್ದು, ನಾಲ್ಕು ಮೂಲೆಗೆ ನಾಲ್ಕು ರೆಕ್ಕೆ ತಿರುಗುವುದು. ಗುಂಡಿಗಳ ಚಿತ್ರ ತೆಗೆಯುತ್ತೆ, ಚಿತ್ರ ಸೀದಾ ಆಫೀಸಿಗೆ ಹೋಗುತ್ತೆ ಅಂದರು. ಮೇಸ್ತ್ರಿಯ ಫೋನಿಗೂ ಬರುತ್ತಿತ್ತು. ಅದಕ್ಕೆ ಡ್ರೋನ್ ಅಂತ ಹೆಸರಿದ್ದರೂ ರೇಡಿಯೋ ಬೇರೆ ಹೆಸರಿಟ್ಟಳು. "ಮಾವ ಬಂದ ಕಣ್ರೇ, ತಲೆ ಮೇಲೆ ಬಟ್ಟೆ ಎಳ್ಕೊಳ್ಳಿ." ನಾವು ನಕ್ಕೆವು. ಬಂದಾಗಲೆಲ್ಲ ಬಟ್ಟೆ ಎಳೆದುಕೊಂಡೆವು. ಮೊದಲು ತಮಾಷೆಗೆ ಎಳೆದುಕೊಳ್ಳುತ್ತಿದ್ದದ್ದು ಆಮೇಲೆ ಹಾಗೇ ಆಗಿಹೋಯಿತು.

ಅವತ್ತು ಪೊದೆಯೊಳಗೆ ನಾದಿನಿ, ದಡದ ಮೇಲೆ ಕಾವಲಿಗೆ ನಾನು. ಮಾವ ಆ ಕಡೆಯ ಗುಂಡಿಗಳ ಮೇಲೆ ಹಾರುತ್ತಿತ್ತು. ತಿರುಗಿತು. ಕೊರಕಲಿನ ಗುಂಟ ಬಂತು. ಪೊದೆಯ ಮೇಲೆ ಬಂದು ನಿಂತಿತು.

ನಾನು ಕೈ ಬೀಸಿದೆ. ಕಲ್ಲು ಎತ್ತಿಕೊಂಡೆ, ಎಸೆಯಲು ಧೈರ್ಯ ಬರಲಿಲ್ಲ. ಅದು ಅಲ್ಲೇ ಇತ್ತು. ಸದ್ದು ಒಂದೇ ಸಮ. ದಡದಲ್ಲಿ ಯಾರಾದರೂ ಬಂದರೆ ಕೆಮ್ಮಬೇಕು ಅನ್ನುವುದು ನಮ್ಮ ಕಾವಲಿನ ರೀತಿ. ನಾನು ಕೆಮ್ಮಿದೆ. ಮೇಲಿಂದ ಬರುವವನಿಗೆ ಕೆಮ್ಮಿ ಏನು ಪ್ರಯೋಜನ ಅನ್ನುವುದು ಕೆಮ್ಮಿದ ಮೇಲೆ ಹೊಳೆಯಿತು. ಪೊದೆಗೆ ಗೋಡೆ ಇತ್ತು, ಸೂರು ಇರಲಿಲ್ಲ. ಆಕಾಶದಿಂದಲೂ ಯಾರಾದರೂ ನೋಡಬಹುದು ಅಂತ ಗಿಡಕ್ಕೂ ಗೊತ್ತಿರಲಿಲ್ಲ, ನಮಗೂ.

ಅದು ಹೋದ ಮೇಲೂ ನಾದಿನಿ ಹೊರಗೆ ಬರಲಿಲ್ಲ. ನಾನೇ ಇಳಿದು ಹೋದೆ. ಮುಳ್ಳಿನ ಬುಡಕ್ಕೆ ಒತ್ತಿಕೊಂಡು ಕೂತಿದ್ದಳು. ತೋಳೆಲ್ಲ ಗೀರು.

"ನಿಂತಿತ್ತು ಅತ್ತಿಗೆ."

"ಗುಂಡಿ ನೋಡೋಕೆ ಬಂದಿದ್ದು ಬಿಡು."

"ಇಲ್ಲಿ ಗುಂಡಿ ಇಲ್ಲ."

ಸಂಜೆ ಪಿಕಾಸಿ, ಬಾಂಡ್ಲಿ ಒಪ್ಪಿಸಲು ಶೆಡ್ಡಿನ ಮುಂದೆ ಸಾಲು ನಿಂತೆವು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಫೋನು ನೋಡುತ್ತಿದ್ದ. ನಾದಿನಿ ಎದುರಿಗೆ ಬಂದಾಗ ತಲೆ ಎತ್ತಿದ.

"ಮೇಲಿಂದ ಎಲ್ಲಾ ಕಾಣುತ್ತೆ" ಅಂದ. "ಒಂದೊಂದೂ ಕಾಣುತ್ತೆ."

ಗುಂಡಿಯ ಬಗ್ಗೆ ಅಂದನೋ ಏನೋ. ಆ ಮಾತನ್ನು ಎಲ್ಲರಿಗೂ ಅಂದನೋ, ಅವಳಿಗೆ ಮಾತ್ರ ಅಂದನೋ. ಆಮೇಲೆ ಫೋನನ್ನು ಜೇಬಿಗಿಟ್ಟು, ಜೇಬಿನ ಮೇಲೆ ಒಮ್ಮೆ ತಟ್ಟಿದ. ಗಂಡಸರು ಫೋನನ್ನು ಹಾಗೇ ಇಡುತ್ತಾರೆ. ಆದರೂ ಆ ತಟ್ಟಿದ್ದನ್ನು ನಾವಿಬ್ಬರೂ ನೋಡಿದೆವು.

ಮನೆಯಲ್ಲಿ ನಾದಿನಿ ಗೋಡೆಗೆ ಮುಖ ಮಾಡಿ ಕೂತಳು. "ಆ ಚಿತ್ರ ಎಲ್ಲೆಲ್ಲಿಗೆ ಹೋಗುತ್ತೆ ಅತ್ತಿಗೆ?"

"ಚಿತ್ರ ಇದೆ ಅಂತ ಯಾರು ಹೇಳಿದ್ರು?"

"ಇಲ್ಲ ಅಂತ ಯಾರು ಹೇಳಿದ್ರು?"

ಎರಡರಲ್ಲಿ ಒಂದು ಗೊತ್ತಿದ್ದರೂ ಇಷ್ಟು ಹೆದರಿಕೆ ಇರುತ್ತಿರಲಿಲ್ಲ. ಚಿತ್ರ ಇದೆ ಅಂತ ಗೊತ್ತಾಗಿದ್ದರೆ ಅಳಬಹುದಿತ್ತು, ಹೋಗಿ ಕೂಗಾಡಬಹುದಿತ್ತು. ಇಲ್ಲ ಅಂತ ಗೊತ್ತಾಗಿದ್ದರೆ ನಗಬಹುದಿತ್ತು. ಹೋಗಿ ಕೇಳಿದರೆ, ಅಲ್ಲಿಯವರೆಗೆ ನೋಡದವನೂ ಹುಡುಕಿ ನೋಡುತ್ತಾನೆ.

ಮರುದಿನದಿಂದ ಅವಳು ನೀರು ಕುಡಿಯುವುದನ್ನು ಬಿಟ್ಟಳು. ಲೆಕ್ಕ ಸರಳ: ಒಳಗೆ ಹೋಗದಿದ್ದರೆ ಹೊರಗೆ ಬರುವುದಿಲ್ಲ. ಬೆಳಗ್ಗೆ ತುಟಿ ಒದ್ದೆ ಮಾಡಿಕೊಂಡು ಹೋದವಳು ಕತ್ತಲಾದ ಮೇಲೆ ಮನೆಯ ಹಿಂದೆ ಹೋಗುತ್ತಿದ್ದಳು. ಕೊಡ ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದಳು. ಬಿಸಿಲು ನೆಲಕ್ಕೆ ಬಿದ್ದು ಮೇಲಕ್ಕೆ ಹಾರುತ್ತಿತ್ತು. ನಾವು ಎರಡು ಕಡೆಯಿಂದಲೂ ಬೇಯುತ್ತಿದ್ದೆವು. ಅವಳ ತುಟಿ ನಮ್ಮ ಬಯಲಿನ ಹಾಗೇ ಬಿರಿಯಿತು. ತಗಡಿನ ಮೇಲೆ ಗಾಳಿ ಗುಂಯ್‌ಗುಟ್ಟಿದರೆ ಕೈ ತಲೆಬಟ್ಟೆಗೆ ಹೋಗುತ್ತಿತ್ತು, ಕೋಣೆಯೊಳಗೇ. ಹೆದರಿಕೆ ಅಂಟುಜಾಡ್ಯ. ನಾನೂ ನೀರು ಕಡಿಮೆ ಮಾಡಿದೆ. ರೇಡಿಯೋ ಕೂಡ ಮಾಡಿದಳು; ಗಂಟಲು ಒಣಗಿ ಅವಳ ಮಾತೂ ಕಡಿಮೆಯಾಯಿತು. ಆಗ ಮಾತ್ರ ಅತ್ತೆಗೆ ನಿಜವಾಗಿ ಗಾಬರಿಯಾಯಿತು.

ಅದೇ ವಾರ ಸಾಹೇಬರು ಬಂದು ಕೊರಕಲಿನ ದಡದಲ್ಲಿ ನಿಂತರು. ಯೋಜನೆಗೆ ದುಡ್ಡು ಕೊಟ್ಟ ದೂರದೇಶದ ಅತಿಥಿಗಳು ನೋಡಲು ಬರುತ್ತಾರೆ, ಅಷ್ಟರಲ್ಲಿ ಎಲ್ಲ ಸ್ವಚ್ಛವಾಗಿರಬೇಕು ಅಂದರು. ಪೊದೆಯ ಕಡೆ ಬೆರಳು ತೋರಿಸಿದರು.

"ಇದು ಹೊರಗಿನಿಂದ ಬಂದದ್ದು. ನೆಲದ ನೀರೆಲ್ಲ ಇದೇ ಕುಡಿಯುತ್ತೆ. ಬೇರೆ ಯಾರನ್ನೂ ಬೆಳೆಯೋಕೆ ಬಿಡಲ್ಲ. ಬೇರು ಸಮೇತ ಕೀಳಬೇಕು."

"ಮೇಸ್ತ್ರಿ ವಿಷಯ ಹೇಳ್ತಿದಾರಾ?" ಅಂದಳು ರೇಡಿಯೋ ನನ್ನ ಬೆನ್ನ ಹಿಂದೆ.

ಅತಿಥಿಗಳ ಕೈಯಿಂದಲೇ ಮೊದಲ ಕೊಡಲಿ ಏಟು ಹಾಕಿಸುವುದು, ಆಮೇಲೆ ನಾವು ಕಡಿದು ಮುಗಿಸುವುದು ಅಂತ ತೀರ್ಮಾನವಾಯಿತು. ಅದಕ್ಕೆ ಮೊದಲು ಅತ್ತೆ ಮೈಕಿನಲ್ಲಿ ತನ್ನ ಪ್ರಸಿದ್ಧ ಮಾತನ್ನು ಹೇಳಬೇಕು. "ಹೋದ ಸಲ ಹೇಳಿದ್ರಲ್ಲ ಅಮ್ಮ, ಅದೇ. ಬೇರೆ ಏನೂ ಬೇಡ" ಅಂದರು ಸಾಹೇಬರು.

"ಅದೇ ಹೇಳ್ತೀನಿ" ಅಂದಳು ಅತ್ತೆ.

ನಾದಿನಿ ಬಿದ್ದದ್ದು ಆ ಮಧ್ಯಾಹ್ನ. ಪಿಕಾಸಿ ಎತ್ತಿದವಳು ಇಳಿಸಲಿಲ್ಲ. ಅದರ ಜೊತೆಗೇ ಹಿಂದಕ್ಕೆ, ಗುಂಡಿಯೊಳಕ್ಕೆ ಒರಗಿದಳು. ಮೈ ಸುಡುತ್ತಿತ್ತು. ಹೊಟ್ಟೆಯ ಕೆಳಗೆ ಕೈ ಒತ್ತಿಕೊಂಡು ಮುದುರಿದಳು. ಗುಂಡಿ ಅವಳ ಅಳತೆಗೇ ತೋಡಿದ ಹಾಗಿತ್ತು. ನಾನು, ಅತ್ತೆ, ರೇಡಿಯೋ ಎತ್ತಿಕೊಂಡು ಹೋದೆವು.

ಆಸ್ಪತ್ರೆಯ ನರ್ಸಮ್ಮ ಬಾಗಿಲಿಗೆ ಪರದೆ ಎಳೆದು ಕೇಳಿದಳು. ಆ ಪರದೆಯನ್ನು ಅತ್ತೆ ಮುಟ್ಟಿ ನೋಡಿದಳು.

"ಎಷ್ಟು ನೀರು ಕುಡೀತೀಯಮ್ಮ?"

ನಾದಿನಿ ಬಿರಿದ ತುಟಿಯನ್ನು ಸೆರಗಿನಿಂದ ಮುಚ್ಚಿಕೊಂಡಳು.

"ಉಚ್ಚೆಗೆ ಎಷ್ಟು ಸಲ ಹೋಗ್ತೀಯ?"

"ಕತ್ತಲಾದ ಮೇಲೆ."

"ರಕ್ತ ಹೋಗುತ್ತಾ?"

ತಲೆ ಆಡಿಸಿದಳು. ಅತ್ತೆ ಗೋಡೆ ಹಿಡಿದುಕೊಂಡಳು. ನಮ್ಮಿಬ್ಬರಿಗೂ ಹೇಳಿರಲಿಲ್ಲ.

"ಇನ್ನೂ ಹೀಗೇ ತಡೆದ್ರೆ ಕಿಡ್ನಿ ಹೋಗುತ್ತೆ. ಆಮೇಲೆ ಇಲ್ಲಿಗೆ ಕರ್ಕೊಂಡು ಬಂದು ಪ್ರಯೋಜನ ಇಲ್ಲ. ನೀರು ಕುಡೀಬೇಕು, ಬಂದ ತಕ್ಷಣ ಹೋಗಬೇಕು. ಅದೇ ಔಷಧಿ. ಮಾತ್ರೆ ಸುಮ್ಮನೆ ಜೊತೆಗೆ."

"ಎಲ್ಲಿಗೆ ಹೋಗಬೇಕು?" ಅಂದಳು ಅತ್ತೆ.

ನರ್ಸಮ್ಮ ಮಾತ್ರೆ ಎಣಿಸುವುದನ್ನು ನಿಲ್ಲಿಸಿದಳು. "ಅದನ್ನ ನಾನು ಬರೆದುಕೊಡೋಕಾಗಲ್ಲ" ಅಂದಳು.

ಅತಿಥಿಗಳು ಬರುವ ದಿನ ನಾದಿನಿ ಕೆಲಸಕ್ಕೆ ಬಂದಳು. ಬರದಿದ್ದರೆ ಅವಳ ಜಾಗಕ್ಕೆ ಬೇರೆಯವರು ಅಂತ ಮೇಸ್ತ್ರಿ ಹೇಳಿ ಕಳಿಸಿದ್ದ. ಅತ್ತೆ ಬೆಳಗ್ಗೆಯೇ ಅವಳ ಎದುರು ಕೂತು, ಹಸುಗೂಸಿಗೆ ಕುಡಿಸುವ ಹಾಗೆ, ಚೊಂಬು ಕೆಳಗಿಡಲು ಬಿಡದೆ ನೀರು ಕುಡಿಸಿದ್ದಳು. "ಇವತ್ತು ಪೊದೆ ಇರುತ್ತೆ. ಕುಡಿ."

ಮತ್ತೆ ಶಾಮಿಯಾನ. ಮತ್ತೆ ಕುರ್ಚಿ. ಅತಿಥಿಗಳಲ್ಲಿ ಹ್ಯಾಟಿನ ಒಬ್ಬಳು ಮುದುಕಿ ಇದ್ದಳು. ಗುಂಡಿಗಳೊಳಗೆ ಇಳಿದು ಹುಲ್ಲು ಮುಟ್ಟಿ ನೋಡಿದಳು. ಕೊರಕಲಿನ ದಡದಲ್ಲಿ ಹೊಸ ಕೊಡಲಿಗಳನ್ನು ರಿಬ್ಬನ್ನು ಕಟ್ಟಿ ಮಲಗಿಸಿದ್ದರು. ಈ ಸಲ ಕೈಯಲ್ಲಿ ಹಿಡಿಯುವ ಮೈಕಲ್ಲ. ಅತ್ತೆಯ ಕುತ್ತಿಗೆ ಹತ್ತಿರ ಬಟ್ಟೆಗೆ ಸಿಕ್ಕಿಸುವ ಸಣ್ಣದು. ಕಂಬಗಳ ಮೇಲೆ ದೊಡ್ಡ ದೊಡ್ಡ ಸ್ಪೀಕರು.

"ನಮಗೆ ಮರೆ ಬೇಕು" ಅಂದಳು ಅತ್ತೆ.

"ಮರ ಬೇಕಂತೆ" ಅಂದರು ಸಾಹೇಬರು. ಚಪ್ಪಾಳೆ.

ಈ ಸಲ ಅತ್ತೆ ಚಪ್ಪಾಳೆ ತಟ್ಟಲಿಲ್ಲ. ಅದು ನಿಲ್ಲುವವರೆಗೆ ಕಾದಳು.

"ಮರ ಅಲ್ಲಪ್ಪ. ಮರೆ. ಕೊನೇಲಿ ರೆ. ಹೋದ ಸಲಾನೂ ಅದನ್ನೇ ಹೇಳಿದ್ದೆ. ಉಚ್ಚೆ ಹೊಯ್ಯೋಕೆ."

ಸ್ಪೀಕರುಗಳು ಅದನ್ನು ಇಡೀ ಬಯಲಿಗೆ ಹೇಳಿದವು. ಮೇಸ್ತ್ರಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಹ್ಯಾಟಿನ ಮುದುಕಿ ಸಾಹೇಬರ ಕಡೆ ಬಾಗಿ ಏನೋ ಕೇಳಿದಳು. ಅವರು ಅವಳ ಭಾಷೆಯಲ್ಲಿ ಉದ್ದಕ್ಕೆ ಹೇಳಿದರು, ಕೈಯಿಂದ ಗಾಳಿ ಬೀಸುವುದನ್ನೂ ಮರಗಳ ಸಾಲನ್ನೂ ತೋರಿಸಿದರು. ಅವಳು ಮೆಚ್ಚಿಕೊಂಡು ತಲೆಯಾಡಿಸಿದಳು.

"ಏನಂತೆ?" ಅಂದಳು ರೇಡಿಯೋ.

"ಗಾಳಿಗೆ ಮರೆ ಬೇಕಂತೆ, ಅದಕ್ಕೆ ಇನ್ನೂ ಮರ ನೆಡಬೇಕಂತೆ" ಅಂದೆ, ಸಾಹೇಬರ ಕೈ ನೋಡಿ ಊಹಿಸಿ.

ಆಗ ನಾದಿನಿ ನನ್ನ ತೋಳು ಹಿಡಿದಳು. ಉಗುರು ನಾಟಿತು. "ಅತ್ತಿಗೆ. ಆಗ್ತಿಲ್ಲ." ಅವಳ ಮುಖ ಬೆವರಿನಲ್ಲಿ ತೊಯ್ದಿತ್ತು. ಆ ಬೆಳಗಿನ ನೀರು ತನ್ನ ಕೆಲಸ ಮಾಡಿತ್ತು.

ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಅತ್ತೆ ಶಾಮಿಯಾನದಿಂದ ಹೊರಗೆ ಬಂದು ತನ್ನ ಬಾಂಡ್ಲಿಯನ್ನು ತಲೆಗೆ ಹಾಕಿಕೊಂಡಳು. ನಾದಿನಿಯನ್ನು ನಡುವೆ ಹಾಕಿಕೊಂಡು ಎಲ್ಲರೂ ಕೊರಕಲಿನ ಕಡೆ ನಡೆದೆವು. ಕೊಡಲಿ ತೆಗೆದುಕೊಳ್ಳಲು ಹೊರಟಿದ್ದೇವೆ ಅಂದುಕೊಂಡು ಮೇಸ್ತ್ರಿ ದಾರಿ ಬಿಟ್ಟ. ನಾವು ಕೊಡಲಿಗಳನ್ನು ದಾಟಿಕೊಂಡು ಇಳಿದೆವು. ಹಿಂದಿನಿಂದ ಅವನ ಕೂಗು ಬಂತು. "ಲೇ, ಎಲ್ಲಿಗೆ? ವಾಪಸು ಬನ್ನಿ." ತಿರುಗಿ ನೋಡಲಿಲ್ಲ. ನೋಡಿದ್ದರೆ ನಿಂತುಬಿಡುತ್ತಿದ್ದೆ.

ನಾದಿನಿ ಪೊದೆಯೊಳಗೆ ಹೋದಳು. ನಾವು ಸುತ್ತ ನಿಂತೆವು, ಮುಖ ಹೊರಗೆ.

ಗುಂಯ್ ಅಂದಿತು.

ಅತಿಥಿಗಳಿಗೆ ತೋರಿಸಲು ಬಿಟ್ಟಿದ್ದರು. ಅದು ದಡ ದಾಟಿ ನಮ್ಮ ನೆತ್ತಿಯ ಮೇಲೆ ಬಂತು. ಪೊದೆಯೊಳಗಿಂದ ಸಣ್ಣ ಸದ್ದು ಕೇಳಿತು, ಸಿಕ್ಕಿಬಿದ್ದ ಪ್ರಾಣಿಯದ್ದು. ಅವಳು ಎದ್ದು ಓಡುತ್ತಾಳೆ ಅಂದುಕೊಂಡೆ. ಓಡಿದರೆ ಎಲ್ಲಿಗೆ? ನಾಲ್ಕೂ ಕಡೆ ಬಯಲು, ಮೇಲೆ ಕಣ್ಣು.

ಅತ್ತೆಯ ತಲೆಯ ಮೇಲೆ ಬಾಂಡ್ಲಿ ಇತ್ತು. ಬಿಸಿಲಿಗೆ ಅಂತ ನಾವೆಲ್ಲ ಖಾಲಿ ಬಾಂಡ್ಲಿ ಬೋರಲು ಹಾಕಿಕೊಂಡೇ ಓಡಾಡುವುದು. ಅತ್ತೆ ಅದನ್ನು ತೆಗೆದು ಎರಡೂ ಕೈಯಲ್ಲಿ ಪೊದೆಯ ಮೇಲೆ ಎತ್ತಿ ಹಿಡಿದಳು. ನಾನು ನನ್ನದನ್ನು ಹಿಡಿದೆ. ರೇಡಿಯೋ ಹಿಡಿದಳು. ಎಲ್ಲರೂ ಹಿಡಿದರು. ಅಂಚಿಗೆ ಅಂಚು ತಾಗಿ ಟಣ್ ಅಂದಿತು. ಮುಳ್ಳು ಮುಖಕ್ಕೆ, ತೋಳಿಗೆ ಚುಚ್ಚುತ್ತಿತ್ತು. ಬಾಂಡ್ಲಿಗಳೆಲ್ಲ ಒಟ್ಟಿಗೇ ಕಟಕಟ ಅನ್ನುತ್ತಿದ್ದವು.

"ಕೂತ್ಕೋ ಮಗಳೇ" ಅಂದಳು ಅತ್ತೆ. "ಮಾವನಿಗೆ ಬಾಂಡ್ಲಿ ಬಿಟ್ರೆ ಏನೂ ಕಾಣಲ್ಲ. ನಾವಿದೀವಿ. ನಿಧಾನಕ್ಕೆ ಹೊಯ್ಕೋ."

ಕುತ್ತಿಗೆಯ ಮೈಕನ್ನು ಅವಳು ಮರೆತಿದ್ದಳು. ಕಂಬಗಳ ಮೇಲಿನ ಸ್ಪೀಕರುಗಳೆಲ್ಲ ಒಟ್ಟಿಗೆ, ಶಾಮಿಯಾನಕ್ಕೂ, ಕುರ್ಚಿಗಳಿಗೂ, ಫಲಕದ ಮೇಲಿನ ಅವಳದೇ ಮುಖಕ್ಕೂ ಕೇಳುವಂತೆ ಹೇಳಿದವು: "ಹೆದರ್ಬೇಡ. ಎಷ್ಟು ಹೊತ್ತಾದ್ರೂ ಹಿಡ್ಕೊಂಡಿರ್ತೀವಿ."

ಹ್ಯಾಟಿನ ಮುದುಕಿ ದಡದ ಮೇಲೆ ಬಂದು ನಿಂತಳು. ಸಾಹೇಬರು ಏನೋ ಹೇಳಲು ಹೋದರು. ಅವಳು ಕೈ ಎತ್ತಿ ಅವರನ್ನು ಸುಮ್ಮನಿರಿಸಿದಳು. ಇಷ್ಟನ್ನು ತಿಳಿಯಲು ಅವಳಿಗೆ ಅನುವಾದ ಬೇಕಾಗಲಿಲ್ಲ. ಹೆಂಗಸಲ್ಲವೇ. ನಮಗೆ ಬೆನ್ನು ಮಾಡಿ ನಿಂತಳು, ಮುಖ ಗಂಡಸರ ಕಡೆ. ಯಾರೂ ಇಳಿಯಲಿಲ್ಲ. ಅವತ್ತು ಪೊದೆ ಉಳಿಯಿತು.

ಆಮೇಲಿನದು ಬೇಗ ನಡೆಯಿತು. ಅತಿಥಿಗಳ ಮಾತಿಗೆ ಹೆಂಗಸರಿಗೆಂದು ಒಂದು ಕಕ್ಕಸು ಬಂತು: ನಾಲ್ಕು ಕಡೆ ತಗಡು, ಮೇಲೂ ತಗಡು, ಒಳಗೆ ಚಿಲಕ. ಕಕ್ಕಸು ಬಂತಲ್ಲ, ಇನ್ನು ಪೊದೆ ಯಾಕೆ ಅಂತ ಯಂತ್ರ ತರಿಸಿ ಬೇರು ಸಮೇತ ಕಿತ್ತರು. ಅದೇ ವಾರ ಫಲಕದ ಮೇಲೆ ರ ಅಕ್ಷರಕ್ಕೆ ಯಾರೋ ಡಾಂಬರಿನಲ್ಲಿ ಒಂದು ಎತ್ವ ಹಾಕಿದ್ದರು. ನಮ್ಮಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ ಅಂತ ಮೇಸ್ತ್ರಿಗೆ ಗೊತ್ತು. ಕೈ ತೋರಿಸು ಅಂದ. ಮಣ್ಣಿತ್ತು, ತೋರಿಸಿದೆ.

ಕಕ್ಕಸಿನ ಬಾಗಿಲಿಗೆ ಹೊರಗಿನಿಂದ ಬೀಗ ಬಿತ್ತು. ಬೀಗದ ಕೈ ಮೇಸ್ತ್ರಿಯ ಜೇಬಿಗೆ ಹೋಯಿತು, ಫೋನಿರುವ ಜೇಬಿಗೇ.

"ಸುಮ್ಮನೆ ಗಲೀಜು ಮಾಡ್ತೀರ" ಅಂದ. "ಬೇಕಾದೋರು ಶೆಡ್ಡಿಗೆ ಬಂದು ಕೇಳಿ. ಗುಂಪು ಕಟ್ಕೊಂಡು ಬರಂಗಿಲ್ಲ. ಒಬ್ಬೊಬ್ಬರೇ."

ನಾವು ಮತ್ತೆ ನೀರು ಕಡಿಮೆ ಮಾಡಿದೆವು.

ನಾದಿನಿಗೆ ಕಡಿಮೆ ಮಾಡುವ ಹಾಗಿರಲಿಲ್ಲ. ಒಂದು ಮಧ್ಯಾಹ್ನ ಪಿಕಾಸಿ ಕೆಳಗಿಟ್ಟು ಶೆಡ್ಡಿನ ಕಡೆ ಹೋದಳು. ನಾನು ದೂರದಲ್ಲಿ ಹಿಂದೆ ಹೋದೆ. ಅವನು ಸ್ಟೂಲಿನ ಮೇಲೆ ಇದ್ದ. ಬೀಗದ ಕೈಯನ್ನು ಜೇಬಿನಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡ. ಕೊಡಲಿಲ್ಲ.

"ಯಾತಕ್ಕೆ?"

ಅವಳು ಕೈ ಚಾಚಿದಳು.

"ಬಾಯಿ ಬಿಟ್ಟು ಹೇಳು. ನಿಮ್ಮಮ್ಮ ಮೈಕಲ್ಲೇ ಹೇಳಿದ್ಲಲ್ಲ. ಒಳಗೆ ಬಾ, ಸರಿಯಾಗಿ ಕೇಳಲ್ಲ ನನಗೆ."

ಅವಳು ತಿರುಗಿ ನಡೆದಳು. ಅಳುತ್ತಾ ಮನೆಗೆ ಹೋಗುತ್ತಾಳೆ ಅಂದುಕೊಂಡೆ. ಗುಂಡಿಯವರೆಗೆ ಬಂದಳು, ಪಿಕಾಸಿ ಎತ್ತಿಕೊಂಡಳು, ವಾಪಸು ಹೋದಳು. ಶೆಡ್ಡಿನ ಮುಂದೆಯೇ ಹಾದು ಕಕ್ಕಸಿನ ಬಾಗಿಲ ಎದುರು ನಿಂತಳು. ಕಾಲು ಅಗಲಿಸಿದಳು, ನೆಲ ಒಡೆಯುವಾಗ ನಿಲ್ಲುವ ಹಾಗೆ.

"ಏಯ್" ಅಂದ ಮೇಸ್ತ್ರಿ. ಎದ್ದ. ಹತ್ತಿರ ಬರಲಿಲ್ಲ. ಪಿಕಾಸಿ ಮೇಲೆ ಹೋಗಿತ್ತು.

ಅವಳು ಹೆದರಿಕೊಂಡೇ ಹೊಡೆದಳು. ಹಲ್ಲು ಕಟಕಟಿಸುವುದು ಕೇಳುತ್ತಿತ್ತು. ಬೀಗಕ್ಕೆ ಎರಡನೇ ಏಟು ಬೇಕಾಗಲಿಲ್ಲ.

ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾವು ಗುಂಡಿಗಳಿಂದ ಎದ್ದು ಬಂದು, ಬಾಂಡ್ಲಿ ಹಿಡಿದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆವು. ಅವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಯಾರೂ ಅವಸರ ಮಾಡಲಿಲ್ಲ.

ಚಿತ್ರ ಇದೆಯೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ನಾದಿನಿಯನ್ನು ಕೆಲಸದಿಂದ ತೆಗೆದರು. ಬಾಗಿಲಿಗೆ ಈಗ ಬೀಗ ಇಲ್ಲ. ಒಳಗಿನ ಚಿಲಕ ಗಟ್ಟಿಯಾಗಿದೆ.